ದೇವರ ಪೆಟ್ಟಿಗೆ ಇದ್ದ ಮನೆಯ ಸೊಸೆ

1996ರಲ್ಲಿ ನಾನು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಕಿಕ್ಕೇರಿ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆಯಾಗಿದ್ದೆ. ಅದು ನನ್ನ ಮೊದಲ ನೇಮಕ. ಅಲ್ಲಿ ಯಕೃತ್ತಿನ ತೊಂದರೆ ಎಂದರೆ ಹೆಚ್ಚಾಗಿ ಕಾಮಾಲೆ, ಇಲ್ಲವೇ ಕುಡಿತದ ಫಲ. ಪಠ್ಯದಲ್ಲಿ ಅರ್ಧ ಪುಟ ಓದಿ ಮುಂದೆ ಸಾಗಿದ್ದ ಕಾಯಿಲೆ ಅಲ್ಲಿ ಎದುರಾಗುತ್ತದೆಂದು ಎಣಿಸಿರಲಿಲ್ಲ.

ಆಷಾಢ ಕಳೆದ ಮೇಲೆ ಒಂದು ಬೆಳಿಗ್ಗೆ ನಿಂಗಮ್ಮ ಎಂಬಾಕೆ ಸೊಸೆ ಮಂಗಳಳನ್ನು ಕರೆತಂದರು. ಬಸುರಿಯೆಂದು ಹೆಸರು ಬರೆಸಿ ಇಂಜೆಕ್ಷನ್ ಕೊಡಿಸುವುದು ಅವರ ಉದ್ದೇಶ.

“ಮೂರು ತಿಂಗ್ಳಿಂದ ಒರಗಾಗಿಲ್ಲ ಕಣವ್ವ. ಒಟ್ಟೆ ಆಗ್ಲೇ ಇಷ್ಟು ಬಂದದೆ. ಅವಳಿ ಇರ್ಬೋದು, ಸರ್ಯಾಗಿ ನೋಡು,” ಎಂದರು. ಹೊರಗಾಗುವುದು ಎಂದರೆ ಮುಟ್ಟಾಗುವುದು.

ಪರೀಕ್ಷಿಸಿದಾಗ ಗರ್ಭಕೋಶ ಕೈಗೆ ಸಿಗಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿತ್ತು. ಬಲಪಕ್ಕೆಯ ಕೆಳಗೆ ಯಕೃತ್ತು ಊದಿಕೊಂಡು, ಒತ್ತಿದರೆ ನೋಯುತ್ತಿತ್ತು. ಕಣ್ಣಿನಲ್ಲಿ ಹಳದಿ ತೀರಾ ಕಡಿಮೆ. ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀಯಾ ಎಂದು ಕೇಳಿದರೆ ಮಂಗಳ ಇಲ್ಲವೆಂದು ತಲೆಯಾಡಿಸಿದಳು. ಮೂತ್ರ ಪರೀಕ್ಷೆಯಲ್ಲೂ ಬಸಿರು ಕಾಣಲಿಲ್ಲ. ಅದನ್ನು ತಿಳಿಸಿದಾಗ ನಿಂಗಮ್ಮ ಇನ್ನೊಂದು ಸಲ ನೋಡೆಂದು ಪಟ್ಟು ಹಿಡಿದರು. ಸೊಸೆಯ ಮುಖ ಮಾತ್ರ ಬದಲಾಗಲಿಲ್ಲ. ಆ ಸುದ್ದಿ ಅವಳಿಗೆ ಹೊಸದಲ್ಲ ಎಂದು ನನಗೆ ಅನ್ನಿಸಿತು.

ಅತ್ತೆಯನ್ನು ಹೊರಗೆ ಕೂರಲು ಹೇಳಿ ಬಾಗಿಲು ಮುಂದೆ ಮಾಡಿದೆ. ಆಮೇಲೆ ಅವಳು ತಿಳಿಸಿದ್ದು ಇದು. ಅವರ ಊರಿನ ದೇವತೆಯ ಪೆಟ್ಟಿಗೆ ವರ್ಷಕ್ಕೊಂದು ಮನೆಯಲ್ಲಿರುತ್ತದೆ. ಆ ವರ್ಷದ ಸರದಿ ಇವರದು. ದಿನವೂ ಮಡಿಯಲ್ಲಿ ಅಡುಗೆ ಮಾಡಿ ಎಡೆ ಇಡಬೇಕು. ಅತ್ತೆಯ ಬಲಗೈ ಸ್ವಾಧೀನ ತಪ್ಪಿದ್ದರಿಂದ ಆ ಕೆಲಸ ಸೊಸೆಯದಾಗಿತ್ತು. ಮುಟ್ಟಾದಾಗ ಅವಳು ಜಗುಲಿಯಲ್ಲಿ ಕೂರಬೇಕಿತ್ತು. ಆಗ ಎಡೆ ಮಾಡಲು ಬರುವ ವಾರಗಿತ್ತಿ, “ನಮ್ ಮಂಗ್ಳಂಗೆ ಸರ್ಕಾರಿ ಕೆಲ್ಸ, ತಿಂಗ್ಳು ತಿಂಗ್ಳು ರಜ,” ಎಂದು ಬೀದಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು. ಪಾಂಡವಪುರದ ತವರಿಗೆ ಹೋದಾಗ ಮಂಗಳ ಔಷಧಿ ಅಂಗಡಿಯಲ್ಲಿ ಕುಟುಂಬ ಯೋಜನೆಯ ಮಾತ್ರೆ ಕೊಂಡಳು. ಮದುವೆ, ಹಬ್ಬಕ್ಕೆ ಮುಟ್ಟು ಮುಂದೂಡಲು ಗೆಳತಿಯರು ಅದನ್ನು ಕೆಲವು ದಿನ ನುಂಗುತ್ತಿದ್ದರು. ಇವಳು ನಡುವೆ ಬಿಡುವೇ ಕೊಡದೆ ನುಂಗುತ್ತಾ ಬಂದಿದ್ದಳು.

“ನಂಗೇನು ಕಾಯ್ಲೆ ಇರ್ಲಿಲ್ವಲ್ಲ ಡಾಕ್ಟ್ರಮ್ಮ, ಅದ್ಕೆ ಔಷ್ದಿ ಅಂತ ಯೋಳ್ಲಿಲ್ಲ. ನಮ್ಮತ್ತೆಗೆ ಗೊತ್ತಾಗೋದು ಬ್ಯಾಡ. ದೇವ್ರಿಗೇ ಮೋಸ ಮಾಡ್ದೆ ಅಂತಾರೆ.”

ಯಕೃತ್ತಿನಿಂದ ಹೃದಯದ ಕಡೆಗೆ ರಕ್ತ ಒಯ್ಯುವ ನಾಳಗಳು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದರೆ ಯಕೃತ್ತು ಊದಿ, ಹೊಟ್ಟೆಯಲ್ಲಿ ನೀರು ಸೇರುತ್ತದೆ. ಇದೇ ಬಡ್-ಕಿಯಾರಿ ಸಿಂಡ್ರೋಮ್. ಕೆಂಪು ರಕ್ತಕಣಗಳು ಮಿತಿಮೀರುವ ಕಾಯಿಲೆ, ರಕ್ತ ಬೇಗ ಹೆಪ್ಪುಗಟ್ಟುವ ಹುಟ್ಟುಗುಣ, ಗೆಡ್ಡೆಯ ಒತ್ತಡ, ಬಸಿರು, ಬಾಣಂತನ ಇವೆಲ್ಲ ಕಾರಣವಾಗಬಹುದು. ಮಂಗಳ ನುಂಗಿದಂಥ, ಈಸ್ಟ್ರೋಜನ್ ಎಂಬ ಹಾರ್ಮೋನ್ ಇರುವ ಮಾತ್ರೆಯೂ ಒಂದು ಕಾರಣ. ಬಹುತೇಕ ಹೆಂಗಸರಿಗೆ ಅದರಿಂದ ಹೀಗಾಗುವುದಿಲ್ಲ. ಆ ಹುಟ್ಟುಗುಣ ಇರುವವರಿಗೆ ಅಪಾಯ ಹೆಚ್ಚು. ತಡವಾದರೆ ಯಕೃತ್ತು ಕೆಟ್ಟು ಜೀವಕ್ಕೇ ಕುತ್ತು.

ನಿಂಗಮ್ಮನನ್ನು ಒಳಗೆ ಕರೆದು, ಯಕೃತ್ತಿನ ರಕ್ತನಾಳ ಕಟ್ಟಿರುವ ಅನುಮಾನವಿದೆ, ಈ ದಿನವೇ ಮೈಸೂರಿಗೆ ಹೊರಡಬೇಕು ಎಂದೆ. ಮಾತ್ರೆಯ ವಿಷಯ ಎತ್ತಲಿಲ್ಲ. ಅವರು, ನಾಗಮಂಗಲದ ಕಡೆ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವರಿದ್ದಾರೆ ಎಂದರು. ಇದು ಕಾಮಾಲೆಯಲ್ಲ ಎಂದೆ. ಸಂಜೆಯ ಎಡೆಗೆ ಯಾರು ಎಂದು ಗೊಣಗಿದರು. ಆಮೇಲೆ, ಬಸಿರಿಲ್ಲದೆ ಮುಟ್ಟು ನಿಂತದ್ದು ಹೇಗೆಂದು ಹೊಳೆದವರಂತೆ ಸೊಸೆಯ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಕೇಳಿದರು:

“ಏನ್ ನುಂಗ್ದೆ ಮಗ?”

ಮಂಗಳ ಅಳತೊಡಗಿದಳು. ನಿಂಗಮ್ಮ ಎಡಗೈಯಿಂದ ಅವಳ ರಟ್ಟೆ ಹಿಡಿದರು.

“ಜಗ್ಲಿ ಮೇಲೆ ಕೂತಿದ್ರೆ ದೇವ್ರೇನು ಓಡೋಯ್ತಿತ್ತಾ? ಏಳು, ಬಸ್ಸು ತಪ್ಪೋಯ್ತದೆ.”

ಮೈಸೂರಿನಲ್ಲಿ, ನಾಳಗಳಲ್ಲಿ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಅನುಮಾನವನ್ನು ದೃಢಪಡಿಸಿತು. ಒಂದು ನಾಳ ಇನ್ನೂ ತೆರೆದಿತ್ತು. ಮಾತ್ರೆ ನಿಂತು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಚಿಕಿತ್ಸೆ ಶುರುವಾಯಿತು. ಮಂಗಳ ಉಳಿದಳು. ಆ ಚಿಕಿತ್ಸೆಯಲ್ಲಿ ಆಗಾಗ ರಕ್ತ ಪರೀಕ್ಷೆ ಆಗುತ್ತಲೇ ಇರಬೇಕು. ಹಾಗೆ ಮೈಸೂರಿಗೆ ಹೋಗುವ ದಾರಿಯಲ್ಲಿ ಒಮ್ಮೆ ಇಬ್ಬರೂ ನನ್ನಲ್ಲಿಗೆ ಬಂದಿದ್ದರು. ಎಡೆಯನ್ನು ವಾರಗಿತ್ತಿ ವಹಿಸಿಕೊಂಡಿದ್ದಳಂತೆ. ಅವಳಿಗೂ ತಿಂಗಳ ರಜ ಬೇಕಾಗುತ್ತದೆ, ಆಗ ತಾನೇ ಎಡಗೈಯಲ್ಲಿ ಸೌಟು ಹಿಡಿಯುತ್ತೇನೆ ಎಂದು ನಿಂಗಮ್ಮ ನಕ್ಕರು.

ಈಗ ನಾನು ಶ್ರೀರಂಗಪಟ್ಟಣದಲ್ಲಿದ್ದೇನೆ. ಹೆಂಗಸರನ್ನು ಪರೀಕ್ಷಿಸುವಾಗ ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುತ್ತೇನೆ. ಔಷಧಿಯ ಪ್ರಶ್ನೆ ಆಮೇಲೆ. ಮೊದಲು, ಈ ವರ್ಷ ಮನೆಯಲ್ಲಿ ಪೂಜೆ, ಹಬ್ಬ, ಮದುವೆ ಏನು ವಿಶೇಷ ಎಂದು ಕೇಳುತ್ತೇನೆ.