ಹಳದಿ ಸೀಮೆಸುಣ್ಣದ ಗುರುತು

ಆ ಕಾರು ಮನೆಗೆ ಬಂದು ಆರು ವರ್ಷವಾಗಿತ್ತು. ಅಷ್ಟರಲ್ಲಿ ಬೋರ್ಡಮ್ಮ ಅದರಲ್ಲಿ ಕೂತದ್ದು ನಾಲ್ಕೇ ಸಲ. ಆ ನಾಲ್ಕರಲ್ಲಿ ಮೂರು ಸಲ ಅರ್ಧ ದಾರಿಯಲ್ಲಿ ಇಳಿದು ತಳ್ಳಬೇಕಾಗಿ ಬಂದಿತ್ತು. ಕೆಂಪು ಬಣ್ಣದ, ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿದ್ದ ಹಳೇ ಸ್ಪೋರ್ಟ್ಸ್ ಕಾರು. ಒಳಗೆ ಕೂರಬೇಕೆಂದರೆ ಮೊದಲು ತಲೆ ತೂರಿಸಿ, ಆಮೇಲೆ ಸೊಂಟ ಇಳಿಸಿ, ಕೊನೆಗೆ ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟುಕೊಳ್ಳಬೇಕು. ಹೊರಗೆ ಬರುವ ಫಜೀತಿಯನ್ನಂತೂ ಕೇಳಲೇಬಾರದು.

ಬೀದಿಯವರು ಆಕೆಯನ್ನು ಬೋರ್ಡಮ್ಮ ಎನ್ನುತ್ತಿದ್ದದ್ದು ಆಕೆ ಬೋರ್ಡು ಬರೆಯುತ್ತಿದ್ದಳೆಂದು. ಮೂವತ್ತು ವರ್ಷದ ಕಸುಬು. ಔಷಧಿ ಅಂಗಡಿ, ಶಾಲೆ, ಗಡಿಯಾರ ರಿಪೇರಿಯವನು, ವಕೀಲರ ಆಫೀಸು, ಅದರ ಗೇಟಿನ ಮೇಲೆ ‘ಇಲ್ಲಿ ವಾಹನ ನಿಲ್ಲಿಸಬಾರದು’. ಊರಿನಲ್ಲಿ ತಲೆಯೆತ್ತಿದ ಕಡೆಯೆಲ್ಲ ಆಕೆಯ ಅಕ್ಷರ. ಪ್ರಿಂಟ್ ಹೊಡೆದ ಬ್ಯಾನರುಗಳು ಬಂದು ಅರ್ಧ ಕೆಲಸ ನುಂಗಿ ಹಾಕಿದ್ದವು, ಆದರೂ ಕುಂಚದ ಅಕ್ಷರವೇ ಬೇಕೆಂದು ಹುಡುಕಿಕೊಂಡು ಬರುವವರು ಇದ್ದೇ ಇದ್ದರು. ಮನೆಯ ಕೆಳಗೆ, ಬೀದಿಗೆ ಶಟರ್ ತೆರೆಯುವ ಉದ್ದನೆಯ ಕೋಣೆಯಲ್ಲಿ ಆಕೆ ಕೆಲಸ ಮಾಡುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಒಂದೇ ಸಮನಾದ ಬೆಳಕು. ಇಪ್ಪತ್ತು ಅಡಿಯ ತಗಡನ್ನೂ ಆರಾಮಾಗಿ ಮಲಗಿಸಬಹುದಿತ್ತು. ಈಗ ಆರು ವರ್ಷದಿಂದ ಅಲ್ಲಿ ಕಾರು ಮಲಗಿತ್ತು, ಬೋರ್ಡಮ್ಮ ಮೆಟ್ಟಿಲಿನ ತಿರುವಿನಲ್ಲಿ ಕಾಲು ಮಡಚಿಕೊಂಡು ಕೂತು ಬರೆಯುತ್ತಿದ್ದಳು. ಹತ್ತುವವರು ಇಳಿಯುವವರು ಬಣ್ಣದ ಡಬ್ಬಿ ಒದ್ದುಕೊಂಡೇ ಹೋಗಬೇಕು.

ಕಾರು ಬಂದದ್ದು ಗಂಡನ ಸೋದರಮಾವನಿಂದ. ಮಕ್ಕಳಿಲ್ಲದ ಆ ಪುಣ್ಯಾತ್ಮ ಅದನ್ನು ಇಬ್ಬರು ಸೋದರಳಿಯಂದಿರ ಹೆಸರಿಗೂ ಬರೆದಿಟ್ಟು, ದೊಡ್ಡ ಉಪಕಾರ ಮಾಡಿದೆನೆಂದುಕೊಂಡು ಕಣ್ಣು ಮುಚ್ಚಿದ್ದ. ಹಿರಿಯನಾದ ಬೋರ್ಡಮ್ಮನ ಗಂಡ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಯಾವ ನಟ್ಟು ಯಾವ ಕಪಾಟಿನ ಎಷ್ಟನೇ ಖಾನೆಯಲ್ಲಿದೆ ಎಂದು ನಿದ್ದೆಗಣ್ಣಲ್ಲೂ ಹೇಳುವ ಆಸಾಮಿ. ಕಾರು ತಾನು ತಯಾರಾದ ಕಾರ್ಖಾನೆಯಿಂದ ಹೇಗೆ ಹೊರಬಿತ್ತೋ ಹಾಗೇ ಇರಬೇಕು, ಒಂದು ಸ್ಕ್ರೂ ಬದಲಾದರೂ ಅದು ಆ ಕಾರೇ ಅಲ್ಲ ಎನ್ನುವುದು ಅವನ ಹಟ. ಕಿರಿಯವನು, ಅಂದರೆ ಬೋರ್ಡಮ್ಮನ ಮೈದುನ, ಟೈರ್ ಅಂಗಡಿ ಇಟ್ಟಿದ್ದ. ಅವನಿಗೆ ಆ ಕಾರಿಗೆ ಅಗಲ ಟೈರು ಬೇಕು, ಹೊಸ ಎಂಜಿನ್ ಬೇಕು, ಮೂರು ಬೀದಿ ದೂರಕ್ಕೆ ಕೇಳುವ ಸೈಲೆನ್ಸರ್ ಬೇಕು. ಓಡದ ಕಾರನ್ನು ಕಾರು ಅನ್ನುವುದಾದರೆ ನಮ್ಮ ಮನೆಯ ಬೀರುವನ್ನೂ ಕಾರು ಅನ್ನಬಹುದು ಎಂದು ಅವನು ಅಣ್ಣನನ್ನು ಕೆಣಕುತ್ತಿದ್ದ.

ಪ್ರತಿ ಭಾನುವಾರ ಇದೇ ರಾಮಾಯಣ. ಇಬ್ಬರೂ ಕಾರಿನ ಎರಡು ಕಡೆ ನಿಂತು ವಾದಿಸುವುದು, ಬೋರ್ಡಮ್ಮ ಚಹಾ ತಂದರೆ ‘ನೀನೇ ಹೇಳು’ ಎಂದು ಒಬ್ಬ, ‘ನೀವೇ ಹೇಳಿ ಅತ್ತಿಗೆ’ ಎಂದು ಇನ್ನೊಬ್ಬ. ಆಕೆ ಬಾಯಿ ತೆರೆದರೆ ಸಾಕು, ಅಲ್ಲಿಯವರೆಗೆ ಕಚ್ಚಾಡುತ್ತಿದ್ದ ಇಬ್ಬರೂ ಒಂದಾಗಿ ಆಕೆಯ ಮೇಲೆ ಬೀಳುತ್ತಿದ್ದರು. ನಿನಗೆ ಕಾರಿನ ವಿಷಯ ಏನು ಗೊತ್ತು ಎನ್ನುವುದರಲ್ಲಿ ಮಾತ್ರ ಅಣ್ಣತಮ್ಮಂದಿರಲ್ಲಿ ಭಾರೀ ಒಗ್ಗಟ್ಟು.

ಗಂಡನ ಹುಚ್ಚಿಗೆ ಮಿತಿಯೇ ಇರಲಿಲ್ಲ. ಕಾರಿನ ಕಿಟಕಿಯ ಹಿಡಿ ಮುರಿದಾಗ ಹೊಸದು ಹಾಕಲಿಲ್ಲ. ಹೊಸ ಹಿಡಿ ಹಾಕಿದರೆ ಅದು ಮಾರ್ಪಾಡು. ಮುರಿದದ್ದನ್ನೇ ದಾರದಲ್ಲಿ ಕಟ್ಟಿದರೆ ಮಾರ್ಪಾಡಲ್ಲ, ಏಕೆಂದರೆ ದಾರವನ್ನು ಯಾವಾಗ ಬೇಕಾದರೂ ಬಿಚ್ಚಬಹುದು. ಒಂದು ಸ್ಕ್ರೂಗಾಗಿ ಎಂಟು ತಿಂಗಳು ಪತ್ರ ಬರೆದು, ಅದು ಬಂದ ದಿನ ಅಂಗೈಯಲ್ಲಿಟ್ಟುಕೊಂಡು ಮನೆತುಂಬ ತಿರುಗಿದ್ದ. ಎಡಗಡೆ ಕನ್ನಡಿ ಇಲ್ಲದೆ ರಸ್ತೆಯಲ್ಲಿ ಒಬ್ಬರ ಸೈಕಲ್ಲಿಗೆ ಗುದ್ದುವುದರಲ್ಲಿದ್ದ, ಆದರೂ ಕಾರ್ಖಾನೆಯವರು ಕೊಡದ ಕನ್ನಡಿ ನಾನ್ಯಾಕೆ ಹಾಕಲಿ ಎಂದ. ಮೈದುನನೂ ಸಾಚಾ ಅಲ್ಲ. ರೇಸ್ ಕಾರಿನ ಹಿಂಭಾಗಕ್ಕೆ ಕೂರಿಸುವಂಥ ದೊಡ್ಡದೊಂದು ರೆಕ್ಕೆಯನ್ನು ತಂದು, ಮುಂದೆ ಬೇಕಾಗುತ್ತೆ ಅತ್ತಿಗೆ, ಇರಲಿ ಎಂದು ಆಕೆಯ ಬಣ್ಣದ ಡಬ್ಬಿಗಳ ಮೇಲೆ ಹೇರಿ ಹೋಗಿದ್ದ. ನೀಲಿ ಬೇಕೆಂದಾಗಲೆಲ್ಲ ಬೋರ್ಡಮ್ಮ ಆ ರೆಕ್ಕೆ ಎತ್ತಬೇಕು.

ಇದೆಲ್ಲವನ್ನೂ ಆಕೆ ಹೇಗೋ ಹೊಟ್ಟೆಗೆ ಹಾಕಿಕೊಂಡಿದ್ದಳು. ಹಾಕಿಕೊಳ್ಳಲಾಗದೆ ಉಳಿದದ್ದು ಒಂದು. ಕಾರಿನ ಮುಂದೆ ‘ದಯವಿಟ್ಟು ಮುಟ್ಟಬೇಡಿ’ ಎಂದು ಬೋರ್ಡು ಇಡಬೇಕೆನಿಸಿದಾಗ ಗಂಡ ಅದನ್ನು ಪ್ರಿಂಟಿಂಗ್ ಅಂಗಡಿಯಿಂದ ಮಾಡಿಸಿಕೊಂಡು ಬಂದಿದ್ದ. ಬೋರ್ಡು ಬರೆಯುವವಳನ್ನು ಮನೆಯಲ್ಲಿಟ್ಟುಕೊಂಡು! ಏಕೆಂದು ಕೇಳಿದರೆ, ನಿನಗ್ಯಾಕೆ ಸುಮ್ಮನೆ ತೊಂದರೆ ಅಂತ ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ, ಅದಕ್ಕೇ ಆಕೆಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷದಲ್ಲಿ ಆತ ಆಕೆಯ ಒಂದು ಬೋರ್ಡಿನ ಕೆಳಗೆ ನಿಂತು ತಲೆಯೆತ್ತಿದ್ದನ್ನು ಆಕೆ ಕಂಡಿರಲಿಲ್ಲ.

ಕೊನೆಗೆ ರೋಸಿಹೋಗಿ ಬೋರ್ಡಮ್ಮನೇ ಒಂದು ದಾರಿ ಹೇಳಿದಳು. ಹಳೇ ಕಾರುಗಳ ಸಂಘವೊಂದಿತ್ತು. ಅದರ ಪರೀಕ್ಷಕ ಬಂದು ನೋಡಿ, ಕಾರು ಕಾರ್ಖಾನೆಯಿಂದ ಬಂದಂತೆಯೇ ಇದೆ ಎಂದು ಸರ್ಟಿಫಿಕೇಟು ಕೊಟ್ಟರೆ ತಮ್ಮ ಮತ್ತೆ ಬಾಯಿ ತೆರೆಯಬಾರದು, ಕಾರು ಇದ್ದಲ್ಲೇ ಇರಲಿ. ಕೊಡದಿದ್ದರೆ ಅದು ಟೈರ್ ಅಂಗಡಿಗೆ ಹೋಗಲಿ, ಅಲ್ಲಿ ರೆಕ್ಕೆಯಾದರೂ ಕಟ್ಟಲಿ, ಬಾಲವಾದರೂ ಕಟ್ಟಲಿ. ಇಬ್ಬರೂ ಒಪ್ಪಿಕೊಂಡರು. ಬೋರ್ಡಮ್ಮ ಯಾವ ಕಡೆಗಿದ್ದಳೆಂದು ಬೇರೆ ಹೇಳಬೇಕಾಗಿಲ್ಲ. ಹೊಸ ಗ್ರಂಥಾಲಯದವರು ಹದಿನೆಂಟು ಅಡಿಯ ಬೋರ್ಡು ಬರೆದುಕೊಡುತ್ತೀರಾ ಎಂದು ಕೇಳಿಕೊಂಡು ಬಂದಿದ್ದರು. ಅಷ್ಟು ದೊಡ್ಡ ಅಕ್ಷರ ಬರೆದು ಆರು ವರ್ಷವಾಗಿತ್ತು. ಹತ್ತು ದಿನ ಸಮಯ ಕೊಡಿ ಎಂದು ಹೇಳಿ ಕಳಿಸಿದ್ದಳು. ಕೋಣೆ ಸಿಕ್ಕರೆ ಬೋರ್ಡು, ಇಲ್ಲದಿದ್ದರೆ ಮೆಟ್ಟಿಲೇ ಗತಿ.

ಗಂಡನಿಗೆ ಗೆಲ್ಲುವುದರಲ್ಲಿ ಅನುಮಾನವೇ ಇರಲಿಲ್ಲ. ಅವನ ಹತ್ತಿರ ಆ ಗುರುತಿತ್ತಲ್ಲ! ಎಂಜಿನ್ನಿನ ಹಿಂದಿನ ತಗಡಿನ ಮೇಲೆ, ಕಾರು ತಯಾರಾದ ದಿನ ಅದನ್ನು ತಪಾಸಣೆ ಮಾಡಿದ ಯಾರೋ ಒಬ್ಬ ಹಳದಿ ಸೀಮೆಸುಣ್ಣದಲ್ಲಿ ಎಪ್ಪತ್ತನಾಲ್ಕು ಎಂದು ಅಂಕಿ ಬರೆದು, ಕೆಳಗೆ ಬಾಲ ಎಳೆದು ಸಹಿ ಹಾಕಿದ್ದ. ನಲವತ್ತೆರಡು ವರ್ಷವಾದರೂ ಅದು ಅಳಿಸಿರಲಿಲ್ಲ. ಇಂಥ ಗುರುತು ಉಳಿದಿರುವ ಕಾರುಗಳು ಬೆರಳೆಣಿಕೆಯಷ್ಟಂತೆ. ಅದರ ಫೋಟೋವನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಮಲಗುವ ಕೋಣೆಯಲ್ಲಿ ಮದುವೆಯ ಫೋಟೋ ಇದ್ದ ಮೊಳೆಗೇ ತೂಗುಹಾಕಿದ್ದ. ಮದುವೆಯ ಫೋಟೋ ಬೀರುವಿನ ಹಿಂದೆ ಹೋಗಿತ್ತು.

ಪರೀಕ್ಷಕ ಬರುವ ಹಿಂದಿನ ದಿನ ಗಂಡ ಕೆಲಸಕ್ಕೆ ಹೊರಡುವಾಗ ಬಟ್ಟೆಯೊಂದನ್ನು ಕೈಗಿಟ್ಟು, ಎಂಜಿನ್ ಸುತ್ತ ಧೂಳು ಮಾತ್ರ ಒರೆಸು, ಬೇರೇನೂ ಮುಟ್ಟಬೇಡ ಎಂದು ಮೂರು ಸಲ ಹೇಳಿ ಹೋದ. ಬೋರ್ಡಮ್ಮ ಬಾನೆಟ್ ಎತ್ತಿ ಒರೆಸತೊಡಗಿದಳು. ಕೈ ಒರೆಸುತ್ತಿತ್ತು, ತಲೆಯಲ್ಲಿ ಗ್ರಂಥಾಲಯದ ಅಕ್ಷರಗಳನ್ನು ಹದಿನೆಂಟು ಅಡಿಗೆ ಹಂಚುತ್ತಿದ್ದಳು. ಬೋರ್ಡು ಬರೆಯುವವರದ್ದು ಒಂದು ಕ್ರಮವಿದೆ. ತಗಡಿನ ಮೇಲೆ ಮೊದಲು ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಳ್ಳುತ್ತಾರೆ, ಅಕ್ಷರ ಬರೆದು ಬಣ್ಣ ಒಣಗಿದ ಮೇಲೆ ಗೆರೆ ಅಳಿಸುತ್ತಾರೆ. ತಗಡಿನ ಮೇಲೆ ಸೀಮೆಸುಣ್ಣ ಉಳಿದರೆ ಕೆಲಸ ಮುಗಿದಿಲ್ಲವೆಂದೇ ಅರ್ಥ. ಮೂವತ್ತು ವರ್ಷ ಅದನ್ನೇ ಮಾಡಿದ ಕೈ, ತಗಡಿನ ಮೇಲೆ ಹಳದಿ ಗೀಟು ಕಂಡದ್ದೇ ಬಟ್ಟೆಗೆ ಎರಡು ಹನಿ ಸೀಮೆಎಣ್ಣೆ ಹಾಕಿಕೊಂಡು ಒಂದೇ ಎಳೆತಕ್ಕೆ ಒರೆಸಿಬಿಟ್ಟಿತು.

ಬಟ್ಟೆಯ ಮೇಲಿನ ಹಳದಿ ನೋಡಿದ ಮೇಲೆಯೇ ಆಕೆಗೆ ತಾನೇನು ಮಾಡಿದೆನೆಂದು ಗೊತ್ತಾದದ್ದು. ಖಾಲಿ ಡಬ್ಬಿಯೊಂದನ್ನು ಬೋರಲು ಹಾಕಿ ಕೂತುಬಿಟ್ಟಳು.

ಸುಮ್ಮನಿದ್ದುಬಿಡಬಹುದಿತ್ತು. ನಾಳೆ ಪರೀಕ್ಷಕ ಬರುತ್ತಾನೆ, ಗುರುತಿಲ್ಲ ಎನ್ನುತ್ತಾನೆ, ಕೋಣೆ ತನ್ನದಾಗುತ್ತದೆ. ಆದರೆ ಕೈತಪ್ಪಿ ಆಯಿತೆಂದರೆ ಯಾರು ನಂಬುತ್ತಾರೆ? ಆರು ವರ್ಷ ಕಾರನ್ನು ಶಪಿಸಿದವಳು ಬೇಕೆಂದೇ ಅಳಿಸಿದಳು ಎಂದು ಗಂಡ ಸಾಯುವತನಕ ಹೇಳುತ್ತಾನೆ. ಗೆದ್ದರೂ ಕಳ್ಳಿಯ ಹಾಗೆ ಗೆಲ್ಲಬೇಕಲ್ಲ ಎಂದು ಆಕೆಗೆ ಕಾರಿನ ಮೇಲೆ, ಗಂಡನ ಮೇಲೆ, ಸತ್ತ ಸೋದರಮಾವನ ಮೇಲೆ, ಎಲ್ಲಕ್ಕಿಂತ ತನ್ನ ಕೈಯ ಮೇಲೆ ಸಿಟ್ಟು ಬಂತು. ಜೊತೆಗೆ ಅಂಗೈಯಲ್ಲಿ ಸ್ಕ್ರೂ ಇಟ್ಟುಕೊಂಡು ತಿರುಗಿದ ಗಂಡನ ಮುಖವೂ ನೆನಪಾಯಿತು. ಎದ್ದು ಹೋಗಿ ಮಲಗುವ ಕೋಣೆಯಿಂದ ಫೋಟೋ ಇಳಿಸಿಕೊಂಡು ಬಂದಳು.

ಗಾಜಿನ ಮೇಲೆ ಗುರುತು ಹಾಕುವ, ಮೇಣ ಬೆರೆತ ಹಳದಿ ಸೀಮೆಸುಣ್ಣ ಆಕೆಯ ಪೆಟ್ಟಿಗೆಯಲ್ಲೇ ಇತ್ತು. ಚೂರು ತಗಡಿನ ಮೇಲೆ ಬರೆದು ನೋಡಿದರೆ ಅಂಕಿ ಬಂತು, ಬರೆದವನ ಕೈ ಬರಲಿಲ್ಲ. ಮತ್ತೆ ಬರೆದಳು, ಮತ್ತೆ ಒರೆಸಿದಳು. ಫೋಟೋವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದಾಗ ತಿಳಿಯಿತು: ಏಳರ ನಡುವಿನ ಅಡ್ಡಗೀಟು ಬಲದಿಂದ ಎಡಕ್ಕೆ ಎಳೆದದ್ದು. ಬರೆದವನು ಎಡಗೈಯವನು. ಬಗ್ಗಿ ನಿಂತು, ಅವಸರದಲ್ಲಿ, ಬಲಗೈಯಲ್ಲಿ ಇನ್ನೇನನ್ನೋ ಹಿಡಿದುಕೊಂಡು ಬರೆದಿದ್ದಾನೆ. ಆರು ವರ್ಷ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ ಗಂಡನಿಗೆ ಇದು ತಿಳಿದಿರಲಿಲ್ಲ. ಬೋರ್ಡಮ್ಮ ಸೀಮೆಸುಣ್ಣವನ್ನು ಎಡಗೈಗೆ ಬದಲಿಸಿಕೊಂಡಳು. ಒಂದು ಗಂಟೆ ಹೊತ್ತು ಚೂರು ತಗಡಿನ ಮೇಲೆ ಕೈ ಪಳಗಿಸಿಕೊಂಡು, ಉಸಿರು ಬಿಗಿಹಿಡಿದು ಕಾರಿನ ತಗಡಿನ ಮೇಲೆ ಬರೆದಳು. ಅದರ ಮೇಲೆ ಧೂಳು ಊದಿ, ಎಣ್ಣೆಯ ಬಟ್ಟೆಯಿಂದ ತಟ್ಟಿ ಹಳತು ಮಾಡಿದಳು. ಮೊದಲು ಬರೆದವನ ಹೆತ್ತಮ್ಮ ನೋಡಿದರೂ ವ್ಯತ್ಯಾಸ ಹೇಳಲಾರಳು. ಕೋಣೆ ಕೈಬಿಟ್ಟು ಹೋಯಿತು ಎಂದುಕೊಂಡು ಫೋಟೋವನ್ನು ಮೊಳೆಗೆ ತೂಗುಹಾಕಿ, ಗ್ರಂಥಾಲಯದವರಿಗೆ ಆಗುವುದಿಲ್ಲವೆಂದು ಹೇಗೆ ಹೇಳುವುದೆಂದು ಯೋಚಿಸುತ್ತ ಅಡುಗೆಗೆ ಹೋದಳು.

ಮಾರನೆಯ ದಿನ ಪರೀಕ್ಷಕ ಬಂದ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ, ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡೇ ಬಂದಿದ್ದ. ಮೂರು ಗಂಟೆ ಕಾರಿನ ಕೆಳಗೂ ಮೇಲೂ ಹರಿದಾಡಿದ. ಗಂಡ ಹಿಂದೆ ಹಿಂದೆಯೇ ಇದ್ದ. ಮೈದುನ ಶಟರಿನ ಪಕ್ಕ ಕೈಕಟ್ಟಿ ನಿಂತು, ಆ ದಾರ ಕಟ್ಟಿದ ಹಿಡಿಗಾದರೂ ಈತ ಮುಖ ಸಿಂಡರಿಸಬಾರದೇ ಎಂದು ಕಾಯುತ್ತಿದ್ದ. ಪರೀಕ್ಷಕ ದಾರವನ್ನು ನೋಡಿ ತಲೆದೂಗಿದ. ಮೈದುನನ ಮುಖ ಸಪ್ಪಗಾಯಿತು.

ಕೊನೆಗೆ ಬಾನೆಟ್ ತೆರೆಯಿತು. ಗಂಡನಿಗೆ ಇನ್ನು ತಡೆಯಲಾಗಲಿಲ್ಲ. ಟಾರ್ಚು ಹಿಡಿದು ಗುರುತು ತೋರಿಸಿದ.

“ನೋಡಿ ಸರ್, ಈ ಏಳು ನೋಡಿ. ಎಂಥಾ ಗಟ್ಟಿ ಕೈ! ಒಂದು ಕಡೆ ನಡುಗಿಲ್ಲ, ಒಂದು ಕಡೆ ತಪ್ಪಿಲ್ಲ. ನಾನು ದಿನಾ ಬೆಳಿಗ್ಗೆ ಇದನ್ನ ನೋಡ್ತೀನಿ ಸರ್. ಇಂಥ ಕೈ ಇರೋರು ಈಗ ಎಲ್ಲಿದ್ದಾರೆ? ಇವತ್ತೂ ನೋಡ್ತಿದ್ರೆ ಕಣ್ಣು ತುಂಬಿ ಬರುತ್ತೆ.”

ನಿಜವಾಗಿಯೂ ಅವನ ಕಣ್ಣು ತುಂಬಿ ಬಂದಿತ್ತು. ಚಹಾದ ತಟ್ಟೆ ಹಿಡಿದು ನಿಂತಿದ್ದ ಬೋರ್ಡಮ್ಮನಿಗೆ ಅದನ್ನು ನೋಡಿ ಮೊದಲು ನಗು ಬರುವಂತಾಯಿತು. ಆಮೇಲೆ ಆ ನಗು ಹೊರಟುಹೋಯಿತು. ಸುಮ್ಮನಿರು, ಇನ್ನೊಂದು ನಿಮಿಷ ಸುಮ್ಮನಿರು ಎಂದು ತನಗೆ ತಾನೇ ಹೇಳಿಕೊಂಡಳು. ಪರೀಕ್ಷಕ ಪೆನ್ನು ತೆಗೆದ. ಗಂಡ ಮತ್ತೆ, ಆ ಮನುಷ್ಯ ಯಾರೋ, ಅವನ ಕೈಗೆ ಒಂದು ನಮಸ್ಕಾರ ಹಾಕಬೇಕು ಅಂತನ್ನಿಸುತ್ತೆ ಎಂದ.

“ಅದು ನಾನು ಬರೆದಿದ್ದು” ಎಂದಳು ಬೋರ್ಡಮ್ಮ.

ಯಾರಿಗೂ ಅರ್ಥವಾಗಲಿಲ್ಲ. ಆಕೆ ತಟ್ಟೆಯನ್ನು ಕಾರಿನ ಮೇಲೆಯೇ ಇಟ್ಟು, ನಿನ್ನೆ ಒರೆಸುವಾಗ ಕೈತಪ್ಪಿ ಅಳಿಸಿಹೋದದ್ದನ್ನು, ಮತ್ತೆ ಬರೆದದ್ದನ್ನು ನಿಧಾನವಾಗಿ ಹೇಳಿದಳು. ನಂಬಿಕೆ ಬರಲೆಂದು ನೆಲದಿಂದ ಒಂದು ಚೂರು ತಗಡನ್ನೂ ಪೆಟ್ಟಿಗೆಯಿಂದ ಸೀಮೆಸುಣ್ಣವನ್ನೂ ಎತ್ತಿಕೊಂಡು, ಎಲ್ಲರೆದುರಿಗೆ ಎಡಗೈಯಲ್ಲಿ ಎಪ್ಪತ್ತನಾಲ್ಕು ಬರೆದು, ಬಾಲ ಎಳೆದು ಸಹಿ ಹಾಕಿ ಪರೀಕ್ಷಕನ ಕೈಗೆ ಕೊಟ್ಟಳು.

ಅವನು ಅದನ್ನೂ ಇದನ್ನೂ ಬಹಳ ಹೊತ್ತು ಹೋಲಿಸಿ ನೋಡಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. “ಗುರುತು ಅಳಿಸಿಹೋಗಿದ್ರೆ ಏನೂ ತೊಂದರೆ ಇರ್ಲಿಲ್ಲಮ್ಮ. ಬೇರೆ ಎಲ್ಲಾ ಸರಿಯಾಗೇ ಇದೆ, ಕೊಟ್ಬಿಡ್ತಿದ್ದೆ. ನಕಲು ಗುರುತು ಹಾಕಿದ ಗಾಡಿಗೆ ಮಾತ್ರ ನಾವು ಸರ್ಟಿಫಿಕೇಟು ಕೊಡಲ್ಲ, ಈಗ ಅಳಿಸಿದ್ರೂ ಅಷ್ಟೇ” ಎಂದ. ಅಲ್ಲಿಗೆ ಕಾರು ಟೈರ್ ಅಂಗಡಿಯ ಪಾಲು, ಕೋಣೆ ಬೋರ್ಡಮ್ಮನ ಪಾಲು.

ಗಂಡ ಕೂಗಾಡುತ್ತಾನೆಂದು ಬೋರ್ಡಮ್ಮ ಕಾದಳು. ಅವನು ಕೂಗಾಡಲಿಲ್ಲ. ಟಾರ್ಚು ಹಿಡಿದು ಮತ್ತೆ ಬಾನೆಟ್ಟಿನೊಳಗೆ ಬಗ್ಗಿದ. ಏಳನ್ನು ನೋಡಿದ, ನಾಲ್ಕನ್ನು ನೋಡಿದ, ಸಹಿಯ ಬಾಲದ ತುದಿಯವರೆಗೆ ಬೆಳಕು ಎಳೆದುಕೊಂಡು ಹೋದ. ಎಲ್ಲಾದರೂ ಒಂದು ಕಡೆ ತಪ್ಪು ಸಿಕ್ಕರೆ ಸಾಕೆಂಬಂತೆ ಹುಡುಕಿದ. ಸಿಗಲಿಲ್ಲ. ಸೊಂಟ ನೆಟ್ಟಗೆ ಮಾಡಿಕೊಂಡು ಹೆಂಡತಿಯ ಕಡೆ ತಿರುಗಿದ.

“ನಿನ್ನೇನೇ ಯಾಕೆ ಹೇಳ್ಲಿಲ್ಲ ನೀನು?”

“ಬೇಕಂತ್ಲೇ ಅಳಿಸಿದೆ ಅಂತೀರ ಅಂತ ಹೇಳ್ಲಿಲ್ಲ” ಎಂದಳು ಬೋರ್ಡಮ್ಮ. “ಇವತ್ತು ನೀವು ಬೈದಿದ್ರೆ ತಡ್ಕೋತಿದ್ದೆ ಕಣ್ರೀ, ಅದು ಅಭ್ಯಾಸ ಇದೆ. ಹೊಗಳಿದ್ರಲ್ಲ, ಅದನ್ನ ತಡ್ಕೊಳ್ಳಕ್ಕಾಗ್ಲಿಲ್ಲ.”