ಹದಿನೇಳನೆಯ ಇಲಿಯ ಕೊರಳಪಟ್ಟಿ

ಟಿಕ್. ಟಿಕ್. ಟಿಕ್.

ಆರು ದಿನಗಳಿಂದ ಬರೀ ಗೊರಗುಟ್ಟುತ್ತಿದ್ದ ಹೆಡ್‌ಫೋನಿನಲ್ಲಿ ಆ ಸದ್ದು ಬಂದದ್ದೇ ತಡ, ಸ್ಕೂಟರಿನ ಹಿಂದೆ ಕೂತಿದ್ದವಳು ಮೈದುನನ ಹೆಗಲಿಗೆ ಗುದ್ದಿದಳು.

“ನಿಲ್ಸು, ನಿಲ್ಸು!”

“ಅತ್ತಿಗೆ, ಅದು ನನ್ನ ಹೆಗಲು, ಬ್ರೇಕ್ ಅಲ್ಲ,” ಎನ್ನುತ್ತ ಅವನು ರೈಲುಹಳಿಯ ಪಕ್ಕದ ಮಣ್ಣೇರಿಯ ಬಳಿ ಗಾಡಿ ನಿಲ್ಲಿಸಿದ.

ಊರಿನವರಿಗೆ ಅವಳು ಆಂಟೆನಾ ಅಕ್ಕ. ಬಿಲದಿಲಿಗಳನ್ನು ಅಭ್ಯಾಸ ಮಾಡುವ ಕೇಂದ್ರದಲ್ಲಿ ಹನ್ನೊಂದು ವರ್ಷದ ಕೆಲಸ. ಬೋನಿಟ್ಟು ಮರಿಗಳನ್ನು ಹಿಡಿಯಬೇಕು, ಕೊರಳಿಗೆ ಪುಟ್ಟ ರೇಡಿಯೋ ಪಟ್ಟಿ ಕಟ್ಟಬೇಕು, ಆಮೇಲೆ ಬಟ್ಟೆ ಒಣಗಿಸುವ ಕಂಬಿ ಹೊತ್ತವಳಂತೆ ಆಂಟೆನಾ ಹಿಡಿದು ಬಯಲೆಲ್ಲ ಅಲೆಯಬೇಕು. ಬೆಳೆಯುತ್ತಿದ್ದಂತೆ ಗಂಡುಮರಿಗಳು ಹುಟ್ಟಿದ ಬಿಲ ಬಿಟ್ಟು ಹೊರಡುತ್ತವೆ. ಎಲ್ಲಿ ಜೋಡಿಯಾದವು, ಎಲ್ಲಿ ನೆಲೆಯೂರಿದವು ಎಂದು ಬರೆದಿಡುವುದೇ ಅವಳ ಅನ್ನ. ಹೆಣ್ಣುಮರಿಗಳು ಹೆಚ್ಚಾಗಿ ತಾಯಿಯ ಆಸುಪಾಸಿನಲ್ಲೇ ಉಳಿಯುತ್ತವೆ. “ನಮ್ಮಲ್ಲಿ ಮಾತ್ರ ಉಲ್ಟಾ,” ಎಂದು ಮದುವೆಯಾದ ಹೊಸತರಲ್ಲಿ ಅತ್ತೆಯನ್ನು ನಗಿಸಿದ್ದಳು.

ಈಗ ನಗು ಬರುತ್ತಿರಲಿಲ್ಲ. ಬೆಳೆಯುವ ಮರಿಗೆ ಪಟ್ಟಿ ಕಟ್ಟಿದ ಮೇಲೆ ಕೊರಳಿಗೂ ಪಟ್ಟಿಗೂ ನಡುವೆ ಬೆಂಕಿಕಡ್ಡಿ ತೂರಿಸಿ ನೋಡುವುದು ಕೇಂದ್ರದ ವಾಡಿಕೆ. ಕಡ್ಡಿ ಸರಾಗವಾಗಿ ಜಾರಬೇಕು. ಹದಿನೇಳನೆಯ ಮರಿಗೆ ಅದು ಬಿಗಿಯಾಗಿತ್ತು. ಸಡಿಲವಾದರೆ ಪಟ್ಟಿ ಕಳಚಿಬಿದ್ದೀತು, ವಾರದೊಳಗೆ ಮತ್ತೆ ಹಿಡಿದು ಸರಿಮಾಡಿದರಾಯಿತು ಎಂದುಕೊಂಡು ಬಿಟ್ಟಿದ್ದಳು. ಐದನೆಯ ದಿನಕ್ಕೇ ಮರಿ ನಾಪತ್ತೆ. ಪಟ್ಟಿ ಇದ್ದಷ್ಟೇ ಇರುತ್ತದೆ. ಕೊರಳು ದಿನದಿನಕ್ಕೂ ದಪ್ಪವಾಗುತ್ತದೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಏರಿಯ ಇಳಿಜಾರಿನಲ್ಲಿ ಹೊಸದಾಗಿ ಮಣ್ಣು ಕೆದರಿದ ಬಿಲವೊಂದು ಕಂಡಿತು. ಅದರ ಬಾಯಿಗೆ ಬೋನಿಟ್ಟು, ಕಡಲೆಬೀಜ ಉದುರಿಸಿ, ಇಬ್ಬರೂ ದೂರ ಕೂತರು.

“ಪ್ರಾಯದ ಹುಡುಗ, ಹೆಣ್ಣು ಹುಡುಕ್ಕೊಂಡು ಹೋಗಿದಾನೆ. ನೀವ್ಯಾಕೆ ಅತ್ತಿಗೆ, ಪೊಲೀಸ್ ಥರ ಹಿಂದೆ ಬಿದ್ದಿದೀರಿ?”

“ಬಾಯ್ಮುಚ್ಚು.”

“ನಂಗೂ ಒಂದು ಪಟ್ಟಿ ಕಟ್ಟಿಬಿಡಿ. ಅಮ್ಮಂಗೆ ಎಷ್ಟು ಅನುಕೂಲ!”

ಸದ್ದು ಒಂದೇ ಜಾಗದಿಂದ ಬರುತ್ತಿತ್ತು. ಸತ್ತ ಇಲಿಯ ಪಟ್ಟಿಯೂ ಹೀಗೇ ಟಿಕ್ ಎನ್ನುತ್ತದೆ. ತಡೆಯಲಾರದೆ ಅದನ್ನು ಮೈದುನನಿಗೆ ಹೇಳಿದಳು. ಬೆಂಕಿಕಡ್ಡಿಯ ವಿಷಯವನ್ನೂ ಹೇಳಿದಳು. ಅವನು ಮತ್ತೆ ತಮಾಷೆ ಮಾಡಲಿಲ್ಲ.

ಹೊತ್ತು ಇಳಿಯುವಾಗ ಬೋನಿನ ಬಾಗಿಲು ಟಪ್ಪೆಂದಿತು.

ಇಲಿ ಅವಳ ಅಂಗೈಯಲ್ಲಿ ಗಡಗಡ ನಡುಗುತ್ತಿತ್ತು. ಪಟ್ಟಿಯ ಕೆಳಗೆ ರೋಮ ಉದುರಿ ಚರ್ಮ ಕೆಂಪಾಗಿತ್ತು; ಒಂದು ಕಡೆ ಹಸಿಗಾಯ. ಕಡ್ಡಿಯ ಮಾತೇಕೆ, ಕೂದಲೆಳೆಗೂ ಜಾಗವಿರಲಿಲ್ಲ. ಬೆರಳಿಂದ ಚರ್ಮ ಒತ್ತಿ ಹಿಡಿದು, ಕತ್ತರಿಯ ತುದಿಯನ್ನು ಮೆಲ್ಲಗೆ ಒಳಗೆ ಸರಿಸಿದಳು. ಚಟ್. ಪಟ್ಟಿ ತುಂಡಾಯಿತು. ಜೇಬಿನಲ್ಲಿ ಹೊಸದೊಂದು ಪಟ್ಟಿ ಇತ್ತು, ಆದರೆ ಆ ಗಾಯದ ಮೇಲೆ ಕಟ್ಟಲು ಮನಸ್ಸು ಬರಲಿಲ್ಲ. ಬಿಲದ ಬಾಯಲ್ಲಿ ಬಿಟ್ಟಳು. ಇಲಿ ಒಳಗೆ ಓಡಿಹೋಯಿತು. ಅದು ಯಾರ ಜೊತೆಗೂಡಿತು, ಈ ಏರಿಯಲ್ಲೇ ಉಳಿಯಿತೋ ಇಲ್ಲವೋ, ಇನ್ನು ಯಾರಿಗೂ ತಿಳಿಯುವುದಿಲ್ಲ.

“ಕೇಂದ್ರದ ಮೇಡಂ ಕೇಳಿದ್ರೆ?” ಎಂದ ಮೈದುನ.

“ನಾನೇ ಬಿಗಿಯಾಗಿ ಕಟ್ಟಿದ್ದೆ ಅಂತೀನಿ.”

“ಕೆಲಸಕ್ಕೇ ಸಂಚಕಾರ ಅತ್ತಿಗೆ! ಪಟ್ಟಿ ತಾನಾಗೇ ಬಿದ್ದು ಸಿಕ್ತು ಅನ್ನಿ.”

“ಅವತ್ತು ಇನ್ನೂ ಮೂರು ಮರಿಗೆ ಕಟ್ಟಿದ್ದೂ ನಾನೇ. ಕಡ್ಡಿ ಹಾಕಿ ನೋಡಿದ್ನೋ ಇಲ್ವೋ, ನೆನಪೇ ಇಲ್ಲ ಕಣೋ. ಎಲ್ರೂ ಸೇರಿ ಹುಡುಕ್ಬೇಕು, ನನ್ನೊಬ್ಬಳ ಕೈಲಾಗಲ್ಲ.”

“ಅದಕ್ಕೆ ಬೇರೆ ಏನಾದ್ರೂ ನೆಪ ಹೇಳೋಣ. ಇಲ್ಲಿ ಕೇಳಿ, ಮೇಡಂಗೆ ಮೊದಲು…”

ಅವಳು ಬೋನನ್ನು ಕಂಕುಳಿಗೇರಿಸಿ, ಸ್ಕೂಟರಿನ ಕಡೆ ತಿರುಗಿಯೂ ನೋಡದೆ, ಕೇಂದ್ರದ ದಾರಿ ಹಿಡಿದು ಬಿರಬಿರನೆ ನಡೆದುಬಿಟ್ಟಳು.