ಪುಟ್ಟಿ ತಂದ ಕಾಯಿಲೆ

ನಲವತ್ತು ದಾಟಿ ತಲೆಯಲ್ಲಿ ಬಿಳಿಕೂದಲು ಇಣುಕಿದರೂ ಮನೆಯವರ ಬಾಯಲ್ಲಿ ಅವಳು ಪುಟ್ಟಿಯೇ. ಕೆಲಸವೇನೂ ಪುಟ್ಟದಲ್ಲ. ಸಂಶೋಧನೆ ಮಾಡುವವರಿಗೆ ವೈರಸ್ಸಿನ ಪ್ರೊಟೀನ್ ತಯಾರಿಸಿ ಕೊಡುವ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಹಾಗೆಂದು ಅಲ್ಲಿ ವೈರಸ್ ಇರುವುದಿಲ್ಲ. ಅದರ ಹೊರಮೈಯ ಒಂದು ಚೂರಿಗೆ ಬೇಕಾದ ಜೀನನ್ನಷ್ಟೇ ನಿರುಪದ್ರವಿ ಬ್ಯಾಕ್ಟೀರಿಯಾಗಳೊಳಗೆ ಸೇರಿಸುತ್ತಾರೆ, ಅವು ಬೆಳೆಯುತ್ತಾ ಆ ಚೂರನ್ನು ಮಾಡಿಕೊಡುತ್ತವೆ. ಅವುಗಳನ್ನು ಒಡೆದು, ಸೋಸಿ, ತಣ್ಣನೆಯ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ನಿಂತು ಬೇಕಾದ್ದನ್ನು ಬೇರ್ಪಡಿಸುವುದು ಪುಟ್ಟಿಯ ಕೆಲಸ. ಆ ಪ್ರೊಟೀನಿನಿಂದ ಯಾರಿಗೂ ಒಂದು ನೆಗಡಿಯೂ ಬರುವುದಿಲ್ಲ.

ಇದನ್ನು ಅತ್ತಿಗೆಗೆ ಹೇಳುವವರು ಯಾರು? ಅಣ್ಣ ಜ್ವರದಲ್ಲಿ ತೀರಿಕೊಂಡ ವರ್ಷ ಪುಟ್ಟಿ ಮಾಡುತ್ತಿದ್ದದ್ದು ಆ ಜ್ವರ ತರುವ ವೈರಸ್ಸಿನದೇ ಪ್ರೊಟೀನು. ಅಂದಿನಿಂದ ಅತ್ತಿಗೆ ಅವಳೊಡನೆ ಮಾತು ಬಿಟ್ಟಳು. ಮನೆಗೆ ಮಾರಿ ತಂದವಳು ಇವಳೇ ಎಂದು ಅಮ್ಮನಿಗೆ ಹೇಳುತ್ತಿದ್ದಳು, ಪುಟ್ಟಿಗೆ ಕೇಳಲಿ ಎಂದೇ. ಪುಟ್ಟಿ ಕೆಲಸದಿಂದ ಬಂದು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡರಂತೂ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗೊಣಗಾಟ. ಮೈಗಂಟಿದ ಹಾಳು ಅಭ್ಯಾಸ, ಬಿಡು ಅಂದರೆ ಬಿಡುತ್ತದೆಯೇ! ಪುಟ್ಟಿಗೆ ಬೇರೇನೂ ಬೇಕಿರಲಿಲ್ಲ. ನಿನ್ನಿಂದ ಅಲ್ಲ ಎಂದು ಅತ್ತಿಗೆ ಒಮ್ಮೆ ಅಂದಿದ್ದರೆ ಸಾಕಿತ್ತು.

ಹೀಗಿರುವಾಗ, ಮನೆಯವರನ್ನು ಕರೆತಂದು ಕೆಲಸ ತೋರಿಸಬಹುದು ಎಂದು ಪ್ರಯೋಗಾಲಯದವರು ಹೇಳಿದರು. ಅಮ್ಮ ಕಾಡಿ ಬೇಡಿ ಅತ್ತಿಗೆಯನ್ನು ಹೊರಡಿಸಿದಳು. ಅತ್ತಿಗೆ ಬಾಗಿಲಲ್ಲೇ ಮೂಗಿಗೆ ಕರವಸ್ತ್ರ ಒತ್ತಿಕೊಂಡಳು. ಪುಟ್ಟಿ ಒಂದೊಂದನ್ನೂ ಬಿಡಿಸಿ ಹೇಳಿ, ಕೊನೆಗೆ ಕಿರುಬೆರಳಿಗಿಂತ ಚಿಕ್ಕದೊಂದು ಕೊಳವೆ ಎತ್ತಿ ಹಿಡಿದಳು. ಒಳಗೆ ನೀರಿನಂಥದ್ದು ತಳದಲ್ಲಿ ಇಷ್ಟೇ ಇತ್ತು.

ಏನೂ ಆಗುವುದಿಲ್ಲ ಅಂದಮೇಲೆ ಕೈಗವಸು ಯಾಕೆ ಎಂದು ಅತ್ತಿಗೆ ಅವಳನ್ನೇ ಕೇಳಿದಳು. ಅಣ್ಣ ಹೋದಮೇಲೆ ಅವಳಿಗೆಂದು ಆಡಿದ ಮೊದಲ ಮಾತು ಅದು.

"ಅದರಿಂದ ನಮಗೆ ಏನಾದ್ರೂ ಆಗುತ್ತೆ ಅಂತಲ್ಲ ಅತ್ತಿಗೆ. ನಮ್ಮ ಕೈ ತಾಗಿದ್ರೆ ಅದೇ ಕೆಡುತ್ತೆ."

ಕೈ ತೊಳೆಯುವ ಚಟವೂ ಅದಕ್ಕೇ ಹತ್ತಿದ್ದು ಎಂದಳು. ಅತ್ತಿಗೆ ದಡ್ಡಿಯಲ್ಲ. ಕೊಳವೆಯನ್ನು ಬಹಳ ಹೊತ್ತು ನೋಡಿದಳು, ಕರವಸ್ತ್ರ ತಾನಾಗಿ ಕೆಳಗಿಳಿಯಿತು. ಅಬ್ಬ, ಗೆದ್ದೆ ಎಂದುಕೊಂಡಳು ಪುಟ್ಟಿ.

"ಹಾಗಾದ್ರೆ ಇಲ್ಲಿಂದ ಬಂದಿಲ್ಲ," ಎಂದಳು ಅತ್ತಿಗೆ.

"ಬರೋಕೆ ಸಾಧ್ಯಾನೇ ಇಲ್ಲ."

"ಮತ್ತೆ ಅವರಿಗೆ ಎಲ್ಲಿಂದ ಬಂತು?"

ಪುಟ್ಟಿ ಕೊಳವೆಯನ್ನು ಕೆಳಗಿಟ್ಟಳು. ಆ ವರ್ಷ ಮನೆಯಲ್ಲಿ ಮೊದಲು ಕೆಮ್ಮಿದ್ದು ಅತ್ತಿಗೆ. ತವರಿನಿಂದ ಬರುವಾಗಲೇ ಅವಳಿಗೆ ಗಂಟಲು ಕಟ್ಟಿತ್ತು. ಅಣ್ಣ ಪಕ್ಕದಲ್ಲೇ ಕೂತು ಆರೈಕೆ ಮಾಡಿದ. ಅವಳು ಎದ್ದಳು, ಅವನು ಮಲಗಿದ. ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ತುಟಿ ಬಿಚ್ಚಿರಲಿಲ್ಲ. ಪಾಪ, ಅತ್ತಿಗೆ ಇಷ್ಟು ದಿನ ಬೈದದ್ದು ದ್ವೇಷಕ್ಕಲ್ಲ. ಆ ಬೈಗುಳವೊಂದು ಇಲ್ಲದಿದ್ದರೆ ಅವಳು ಬದುಕುತ್ತಿರಲಿಲ್ಲ. ಎಂಥಾ ಕೆಲಸ ಮಾಡಿಬಿಟ್ಟೆ ಎಂದು ಪುಟ್ಟಿಗೆ ಸಂಕಟವಾಯಿತು.

"ನಾನು ತವರಿಂದ ಬಂದಾಗ..." ಎಂದು ಅತ್ತಿಗೆ ಶುರುಮಾಡಿದಳು.

ಪುಟ್ಟಿ ಮುಂದೆ ಆಡಗೊಡಲಿಲ್ಲ. "ದಿನಾ ಬಸ್ಸಲ್ಲಿ ಅಷ್ಟು ಜನದ ಮಧ್ಯೆ ಓಡಾಡ್ತಿದ್ದವಳು ನಾನು ಅತ್ತಿಗೆ. ನಾನೇ ತಂದಿರ್ತೀನಿ."

ಅತ್ತಿಗೆ ಅವಳ ಮುಖವನ್ನೇ ನೋಡಿದಳು. ನಂಬಿದಳೋ ಬಿಟ್ಟಳೋ, ಹೇಳುವುದು ಕಷ್ಟ.

"ನೀನೇ ತಂದಿದ್ದು," ಎಂದಳು ಮೆಲ್ಲಗೆ.

ಹೌದು ಅತ್ತಿಗೆ, ಎಂದಳು ಪುಟ್ಟಿ.